ಗೇರ್‌ಬಾಕ್ಸ್ ಇಳಿಸುವ ಮೊದಲೇ ‘ವಾರಂಟಿ ಇಲ್ಲ’ ಎಂದರೆ ಹೇಗೆ?

ಮಾನ್ಯರೇ,

ಕೊಂಡು ವರ್ಷ ತುಂಬದ ಕಾರಿನ ಕ್ಲಚ್ ಕೈಕೊಟ್ಟರೆ ಸರ್ವಿಸ್ ಸೆಂಟರ್ ಕೌಂಟರಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಕ್ಲಚ್ ವಾರಂಟಿಯಲ್ಲಿ ಬರಲ್ಲ ಸರ್, ಅದು ಸವೆಯೋ ಪಾರ್ಟು.’ ಕ್ಲಚ್ ಇರುವುದು ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ, ಅದನ್ನು ಕಾಣಲು ಗೇರ್‌ಬಾಕ್ಸ್ ಇಳಿಸಬೇಕು. ಅದನ್ನಿನ್ನೂ ಇಳಿಸಿರುವುದಿಲ್ಲ, ಒಳಗೆ ಏನಾಗಿದೆ ಎಂದು ಯಾರೂ ಕಂಡಿರುವುದಿಲ್ಲ, ತೀರ್ಪು ಮಾತ್ರ ಬಂದುಬಿಡುತ್ತದೆ. ಈ ಮಾತು ಅರ್ಧ ನಿಜ. ಉಳಿದರ್ಧ ಏನೆಂದು ತಿಳಿಯದೆ ಸುಮ್ಮನೆ ಬಿಲ್ ಕಟ್ಟಿ ಬರುವವರು ಬಹಳ ಮಂದಿ.

ವಾರಂಟಿ ಪುಸ್ತಕದ ಹೊರಗಿಟ್ಟ ಪಟ್ಟಿಯಲ್ಲಿ ಬ್ರೇಕ್ ಪ್ಯಾಡ್, ವೈಪರ್ ಬ್ಲೇಡ್, ಫಿಲ್ಟರ್, ಬಲ್ಬ್‌ಗಳ ಜೊತೆ ಕ್ಲಚ್ ಪ್ಲೇಟಿನ ಹೆಸರೂ ಇರುವುದು ಹೌದು. ಆದರೆ ಕ್ಲಚ್ ಕೆಟ್ಟಿತು ಎಂದರೆ ಪ್ಲೇಟು ಸವೆಯಿತು ಎಂದೇ ಅಲ್ಲ. ಅದರ ಸುತ್ತ ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟು, ಪೆಡಲ್ ತುಳಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್, ಹೈಡ್ರಾಲಿಕ್ ಕ್ಲಚ್ ಆದರೆ ಪೆಡಲಿನ ಒತ್ತಡವನ್ನು ದ್ರವದ ಮೂಲಕ ಸಾಗಿಸುವ ಮಾಸ್ಟರ್ ಮತ್ತು ಸ್ಲೇವ್ ಸಿಲಿಂಡರ್, ಒಂದು ಕಡೆ ಎಂಜಿನ್ನಿನ ಹಿಂಬದಿ ಆಯಿಲ್ ಸೀಲ್, ಇನ್ನೊಂದು ಕಡೆ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಸೀಲ್ ಇವೆ. ಸೀಲ್ ಸೋರಿ ಎಣ್ಣೆ ಕುಡಿದ ಪ್ಲೇಟು ಜಾರತೊಡಗಿದರೆ ಕೆಟ್ಟಿದ್ದು ಸೀಲು, ಪ್ಲೇಟು ಅದರಿಂದ ಹಾಳಾದದ್ದು. ಡೀಲರ್ ಕಂಪನಿಗೆ ಕಳಿಸುವ ಕ್ಲೇಮ್‌ನಲ್ಲಿ ಮೂಲ ದೋಷದ ಭಾಗ ಯಾವುದೆಂದು ನಮೂದಿಸಬೇಕಾಗುತ್ತದೆ. ಅಲ್ಲಿ ‘ಸೀಲ್’ ಎಂದು ಬರೆದರೆ ಪ್ಲೇಟೂ ಅದರ ಜೊತೆ ಕೇಳಬಹುದು, ‘ಪ್ಲೇಟ್’ ಎಂದು ಬರೆದರೆ ಕಥೆ ಅಲ್ಲಿಗೇ ಮುಗಿಯಿತು.

ಹಾಗಾದರೆ ಯಾವುದು ಸವೆತ, ಯಾವುದು ದೋಷ? ಗೇರ್‌ಬಾಕ್ಸ್ ಇಳಿಸಿದ ಮೇಲೆ ಇದನ್ನು ಕಣ್ಣಲ್ಲೇ ಹೇಳಬಹುದು. ಲೈನಿಂಗ್ (ಪ್ಲೇಟಿನ ಮೇಲಿನ, ಉಜ್ಜಿ ಸವೆಯುವ ಪದರ) ಅದನ್ನು ಹಿಡಿದಿಡುವ ರಿವೆಟ್‌ನವರೆಗೆ ಸವೆದಿದೆ, ಒಳಗೆಲ್ಲ ಒಣ ಕಪ್ಪು ಪುಡಿ, ಎಂಜಿನ್ನಿನ ಜೊತೆ ತಿರುಗುವ ಫ್ಲೈವೀಲ್ ಚಕ್ರದ ಮುಖದ ಮೇಲೆ ನೀಲಿ ಕಲೆಗಳು, ಕೂದಲೆಳೆಯ ಬಿರುಕುಗಳು, ಇಷ್ಟಿದ್ದರೆ ಬಹುಮಟ್ಟಿಗೆ ಹಾಫ್ ಕ್ಲಚ್ ಚಾಲನೆಯ, ಅಂದರೆ ಪೆಡಲ್ ಅರ್ಧ ಒತ್ತಿಕೊಂಡೇ ಓಡಿಸಿದ್ದರ ಫಲ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಪೆಡಲ್ ಮೇಲಿನ ಕಾಲು ತೆಗೆಯದವರು, ಚಾರ್ಮಾಡಿಯ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟು ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸಿಕೊಳ್ಳುವವರು ಕಂಪನಿಯನ್ನು ದೂರುವಂತಿಲ್ಲ. ಆದರೂ ಇಲ್ಲೊಂದು ಪರೀಕ್ಷೆ ಬಾಕಿ ಇದೆ. ಪೆಡಲಿಗೆ ಫ್ರೀ ಪ್ಲೇ (ಕ್ಲಚ್ ಬಿಡಲು ಶುರುವಾಗುವ ಮೊದಲಿನ ಸಡಿಲ ಚಲನೆ) ಇಲ್ಲದಿದ್ದರೆ, ಕೇಬಲ್ ಬಿಗಿಯಾಗಿದ್ದರೆ, ಅಥವಾ ಮಾಸ್ಟರ್ ಸಿಲಿಂಡರಿನ ಒತ್ತಡ ಪೂರ್ತಿ ಇಳಿಯದೆ ಉಳಿದರೆ ಚಾಲಕ ಕಾಲು ತೆಗೆದರೂ ಕ್ಲಚ್ ಪೂರ್ತಿ ಕಚ್ಚುವುದಿಲ್ಲ. ಆಗಲೂ ಇದೇ ನೀಲಿ ಕಲೆ ಬೀಳುತ್ತದೆ. ಆದ್ದರಿಂದ ಗೇರ್‌ಬಾಕ್ಸ್ ಇಳಿಸುವ ಮೊದಲು ಫ್ರೀ ಪ್ಲೇ ಅಳೆದು ಬರೆಸಬೇಕು. ಬಿಚ್ಚಿದ ಮೇಲೆ ಆ ಸಾಕ್ಷ್ಯ ಸಿಗುವುದಿಲ್ಲ.

‘ಸವೆದಿದೆ’ ಎಂಬುದು ಬಾಯಿಮಾತಿನ ವಿಷಯವಲ್ಲ, ಅಳತೆಯ ವಿಷಯ. ಲೈನಿಂಗ್ ಮೇಲ್ಮೈಯಿಂದ ರಿವೆಟ್ ತಲೆಯವರೆಗಿನ ಆಳವನ್ನು ವರ್ನಿಯರ್ ಅಳತೆಗೋಲಿನ ಬಾಲದಂಥ ಕಡ್ಡಿಯಿಂದ ಅಳೆಯುತ್ತಾರೆ. ಕನಿಷ್ಠ ಆಳ ಮಾದರಿಯ ಮೇಲೆ ಹೋಗುತ್ತದೆ. ಕೆಲವು ಕಾರುಗಳ ಕೈಪಿಡಿಯಲ್ಲಿ 0.3 ಮಿ.ಮೀ., ಕೆಲವದರಲ್ಲಿ 0.5 ಮಿ.ಮೀ. ಇದೆ. ಅಳತೆ ಈ ಮಿತಿಗಿಂತ ಚೆನ್ನಾಗಿ ಮೇಲಿದ್ದೂ ಕ್ಲಚ್ ಜಾರುತ್ತಿದ್ದರೆ ಸವೆತ ಎಂಬ ಕಾರಣ ನಿಲ್ಲುವುದಿಲ್ಲ. ಎಣ್ಣೆಯನ್ನೋ, ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಸಡಿಲವಾದದ್ದನ್ನೋ ಹುಡುಕಬೇಕು.

ಎಣ್ಣೆ ಎಲ್ಲಿಂದ ಬಂತು ಎಂಬುದು ಬೆರಳಿಗೇ ಗೊತ್ತಾಗುತ್ತದೆ. ಎಂಜಿನ್ ಕಡೆಯ ಗೋಡೆ ಒದ್ದೆಯಾಗಿ, ಎಣ್ಣೆ ಕಪ್ಪಗಿದ್ದರೆ ಎಂಜಿನ್ನಿನ ಹಿಂಬದಿ ಸೀಲ್. ಇನ್‌ಪುಟ್ ಶಾಫ್ಟಿನ ಸುತ್ತ ದಪ್ಪ ಎಣ್ಣೆ, ಗಂಧಕದಂಥ ಘಾಟು ಇದ್ದರೆ ಗೇರ್‌ಬಾಕ್ಸ್ ಸೀಲ್. ತೆಳ್ಳಗಿನ ದ್ರವ ಇಳಿದು ತಾಗಿದ ಕಡೆ ಬಣ್ಣ ಏಳುತ್ತಿದ್ದರೆ, ಮೇಲಿನ ಫ್ಲೂಯಿಡ್ ಡಬ್ಬಿಯಲ್ಲೂ ಮಟ್ಟ ಇಳಿದಿದ್ದರೆ ಸ್ಲೇವ್ ಸಿಲಿಂಡರ್. ಪ್ಲೇಟಿನ ಮಧ್ಯದ ಡ್ಯಾಂಪರ್ ಸ್ಪ್ರಿಂಗ್ ಮುರಿದು ಗೂಡಿನಿಂದ ಹೊರಬಂದಿದ್ದರೆ, ಪ್ರೆಶರ್ ಪ್ಲೇಟಿನ ಬೆರಳುಗಳು (ಅದರ ಸ್ಪ್ರಿಂಗಿನ ತುದಿಗಳು) ಒಂದು ಮೇಲೆ ಒಂದು ಕೆಳಗೆ ಇದ್ದರೆ ಅದನ್ನೂ ಸವೆತ ಎನ್ನಲಾಗದು. ಲೈನಿಂಗ್ ಇಡಿಯಾಗಿ ಕಿತ್ತು ಬಂದಿದ್ದರೆ ಮಾತ್ರ ಕಂಪನಿಯ ಕಡೆಗೂ ಒಂದು ನ್ಯಾಯವಿದೆ: ವೇಗದಲ್ಲಿರುವಾಗ ತಪ್ಪಿ ಕೆಳಗಿನ ಗೇರಿಗೆ ಹಾಕಿ ಕ್ಲಚ್ ಒತ್ತಿಕೊಂಡೇ ಇದ್ದರೂ ಪ್ಲೇಟು ಮಿತಿ ಮೀರಿ ತಿರುಗಿ ಹಾಗಾಗಬಹುದು.

ಇದನ್ನೆಲ್ಲ ನೋಡಬೇಕಾದವರು ಏಕೆ ನೋಡುವುದಿಲ್ಲ ಎಂದು ಕೇಳಿದರೆ ಉತ್ತರ ಲೆಕ್ಕದ ಪುಸ್ತಕದಲ್ಲಿದೆ. ವಾರಂಟಿ ಕೆಲಸಕ್ಕೆ ಕಂಪನಿ ಡೀಲರಿಗೆ ಕೊಡುವ ಕೂಲಿ ನಿಗದಿತ ಗಂಟೆಗಳ ಲೆಕ್ಕದ್ದು. ಗ್ರಾಹಕ ನೇರವಾಗಿ ಕೊಡುವ ದರ ಹಲವು ಕಡೆ ಅದಕ್ಕಿಂತ ಹೆಚ್ಚು. ಹಳೆಯ ಭಾಗಕ್ಕೆ ಚೀಟಿ ಕಟ್ಟಿ ಇಟ್ಟುಕೊಳ್ಳಬೇಕು, ಫೋಟೊ ಕಳಿಸಬೇಕು, ದೊಡ್ಡ ಮೊತ್ತಕ್ಕೆ ಮುಂಚೆಯೇ ಒಪ್ಪಿಗೆ ಪಡೆಯಬೇಕು. ಆಮೇಲೆ ತಪಾಸಣೆಯಲ್ಲಿ ಕ್ಲೇಮ್ ತಿರಸ್ಕೃತವಾದರೆ ಆ ಹಣ ಡೀಲರಿನ ತಲೆಗೇ ಬರುತ್ತದೆ. ಕೌಂಟರಿನಲ್ಲಿ ಕೂತ ಅಡ್ವೈಸರ್‌ಗೆ ‘ಬರಲ್ಲ’ ಎನ್ನುವುದೇ ಕ್ಷೇಮ. ಅವರನ್ನು ಬೈದು ಪ್ರಯೋಜನವಿಲ್ಲ, ಕಾಗದ ಸರಿಯಾಗಿರಬೇಕು ಅಷ್ಟೇ.

ಕಾಗದ ಎಂದರೆ ಮೊದಲು ಜಾಬ್ ಕಾರ್ಡ್, ಕಾರು ಒಪ್ಪಿಸುವಾಗ ದೂರು ಬರೆದುಕೊಳ್ಳುವ ಹಾಳೆ. ಅದರಲ್ಲಿ ‘ಕ್ಲಚ್ ಚೆಕ್’ ಎಂದು ಬರೆಸಿದರೆ ಏನೂ ಬರೆಸಿದಂತಲ್ಲ. ‘3ನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ’, ‘ಪೆಡಲ್ ಒತ್ತಿದಾಗ ಮಾತ್ರ ಕಿರ್ ಶಬ್ದ’, ‘ಬೆಳಿಗ್ಗೆ ರಿವರ್ಸ್ ಗೇರ್ ಬೀಳುವುದಿಲ್ಲ, ಪೆಡಲ್ ನಾಲ್ಕೈದು ಸಲ ತುಳಿದರೆ ಬೀಳುತ್ತದೆ’ ಎಂದು ಲಕ್ಷಣ ಬರೆಸಬೇಕು. ಮೊದಲನೆಯದು ಜಾರುವಿಕೆ, ಎರಡನೆಯದು ರಿಲೀಸ್ ಬೇರಿಂಗ್, ಮೂರನೆಯದು ಹೈಡ್ರಾಲಿಕ್‌ನಲ್ಲಿ ಗಾಳಿ ಅಥವಾ ಸೋರಿಕೆಯ ಕಡೆ ಬೆರಳು ಮಾಡುತ್ತದೆ. ಓಡಿದ ಕಿ.ಮೀ. ಮತ್ತು ತಾರೀಖು ಅದೇ ಕಾರ್ಡಿನಲ್ಲಿ ಇರಬೇಕು. ವಾರಂಟಿ ಮುಗಿಯುವ ಹೊಸ್ತಿಲಲ್ಲಿರುವ ಕಾರಿಗೆ ದೂರು ದಾಖಲಾದ ದಿನವೇ ಆಧಾರ, ರಿಪೇರಿ ಆದ ದಿನವಲ್ಲ ಎಂದು ವಾದಿಸಲು ಈ ಒಂದು ಕಾಗದ ಬೇಕು.

ಬಿಚ್ಚುವ ಮೊದಲು ‘ವಾರಂಟಿಗೆ ಬಾರದಿದ್ದರೆ ಕೂಲಿ ನಾನೇ ಕೊಡುತ್ತೇನೆ’ ಎಂದು ಸಹಿ ಕೇಳುತ್ತಾರೆ. ಅದು ಅನ್ಯಾಯವೇನಲ್ಲ. ಸಹಿ ಮಾಡುವಾಗ ಅದರ ಕೆಳಗೆ ಕೈಬರಹದಲ್ಲಿ ಮೂರು ಮಾತು ಸೇರಿಸಿ: ಬಿಚ್ಚಿದಾಗ ಒರೆಸುವ ಮೊದಲು ನನ್ನನ್ನು ಕರೆಯಬೇಕು, ರಿವೆಟ್ ಆಳ ಅಳೆದು ಬರೆಯಬೇಕು, ಹಣ ನಾನು ಕೊಟ್ಟರೆ ಹಳೆಯ ಭಾಗ ನನಗೆ ಕೊಡಬೇಕು. ‘ಒರೆಸುವ ಮೊದಲು’ ಎಂಬುದನ್ನು ಬಿಡಬೇಡಿ. ಬ್ರೇಕ್ ಕ್ಲೀನರ್ ಹೊಡೆದು ಬಟ್ಟೆಯಲ್ಲಿ ಒಮ್ಮೆ ಉಜ್ಜಿದರೆ ಸೋರಿದ ಸೀಲಿನ ಗುರುತು ಮಾಯವಾಗುತ್ತದೆ.

ಆಮೇಲೂ ನಿರಾಕರಿಸಿದರೆ ಅದನ್ನು ಬರಹದಲ್ಲಿ ಕೇಳಿ. ಯಾವ ಭಾಗ, ಎಷ್ಟು ಅಳತೆ, ವಾರಂಟಿ ಪುಸ್ತಕದ ಯಾವ ಕಲಮು ಎಂಬುದು ಇರಲಿ. ಅದೇ ವಿವರವನ್ನು 17 ಅಕ್ಷರ-ಅಂಕಿಗಳ ಚಾಸಿ ಸಂಖ್ಯೆ, ಜಾಬ್ ಕಾರ್ಡ್ ಸಂಖ್ಯೆ, ಫೋಟೊಗಳ ಜೊತೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಮಾಡಿ. ಬರೆದು ಕೊಡಿ ಎಂದ ಕೂಡಲೇ ‘ಒಮ್ಮೆ ಏರಿಯಾ ಮ್ಯಾನೇಜರ್ ಹತ್ತಿರ ಕೇಳ್ತೀವಿ’ ಎಂಬ ಮಾತು ಹೊರಡುವುದು ಈ ಕಸುಬಿನವರಿಗೆಲ್ಲ ಗೊತ್ತು.

‘ಹೊರಗಿನ ಗ್ಯಾರೇಜಿನಲ್ಲಿ ಕೈ ಹಾಕಿಸಿದ್ದೀರಿ, ವಾರಂಟಿ ಹೋಯಿತು’ ಎಂಬುದು ಇನ್ನೊಂದು ನೆಪ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರ ವಿರುದ್ಧ ನೀಡಿದ ಆದೇಶದಲ್ಲಿ, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಷರತ್ತು ಹಾಕಬಾರದು, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದು ಹೇಳಿತ್ತು. ಆ ಆದೇಶ ಮುಂದೆ ಮೇಲ್ಮನವಿಯ ಹಾದಿ ಹಿಡಿಯಿತು, ಹಾಗಾಗಿ ಅದನ್ನೇ ಬ್ರಹ್ಮಾಸ್ತ್ರವೆಂದು ನಂಬಬೇಡಿ. ಆದರೆ ಹೊರಗೆ ಸ್ಟೀರಿಯೊ ಹಾಕಿಸಿದ್ದಕ್ಕೂ ಒಳಗೆ ಸೀಲ್ ಸೋರಿದ್ದಕ್ಕೂ ಏನು ಸಂಬಂಧ ಎಂದು ಕೇಳುವ ಹಕ್ಕಂತೂ ಇದೆ. ನಿಗದಿತ ಸರ್ವಿಸ್‌ಗಳನ್ನು ತಪ್ಪಿಸಿದ್ದರೆ ಮಾತ್ರ ವಾದ ದುರ್ಬಲವಾಗುತ್ತದೆ.

ಕೊನೆಗೆ ಹಣ ಕಟ್ಟಿ ಕಾರು ಬಿಡಿಸಿಕೊಳ್ಳಲೇಬೇಕಾಗಿ ಬಂದರೆ ಬಿಲ್ಲಿನ ಮೇಲೆ ‘ಆಕ್ಷೇಪಣೆಯೊಂದಿಗೆ ಪಾವತಿಸಿದೆ’ ಎಂದು ಬರೆದು ಸಹಿ ಮಾಡಿ. ಹಳೆಯ ಪ್ಲೇಟನ್ನು ತೊಳೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಕಲಮಿನ ಪ್ರಕಾರ, ದೋಷ ಪರೀಕ್ಷೆಯಿಲ್ಲದೆ ತಿಳಿಯದಂಥದ್ದಾದರೆ ಜಿಲ್ಲಾ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಕಳಿಸಲು ವಸ್ತು ಇರಬೇಕಲ್ಲ! ದೂರು ಕೊಡಲು 2 ವರ್ಷ ಕಾಲಾವಕಾಶ. ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಶುಲ್ಕ ಕಾರಿಗೆ ಕೊಟ್ಟ ಬೆಲೆಯ ಮೇಲೆ ನಿರ್ಧಾರವಾಗುತ್ತದೆ: 5ರಿಂದ 10 ಲಕ್ಷದ ಕಾರಿಗೆ 200 ರೂ., 10ರಿಂದ 20 ಲಕ್ಷದ್ದಕ್ಕೆ 400 ರೂ. ಡೀಲರ್ ಮತ್ತು ತಯಾರಕ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬೇಕು, ಇಲ್ಲವಾದರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕಿ ಕೂರುತ್ತಾರೆ. ಅದಕ್ಕೂ ಮೊದಲು 1915 ಸಹಾಯವಾಣಿಗೆ ದೂರು ದಾಖಲಿಸಿ, ಎಷ್ಟೋ ಪ್ರಕರಣ ಅಲ್ಲಿಗೇ ಇತ್ಯರ್ಥವಾಗುತ್ತವೆ.

ಹೊಸ ಕಾರೇ ಬೇಕು ಎಂದು ಮಾತ್ರ ಹಟ ಹಿಡಿಯಬೇಡಿ. 2006ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದೂ ಕ್ಲಚ್ ದೋಷದ ಕಾರೇ. ವಾರಂಟಿಯ ಹೊಣೆ ದೋಷಯುಕ್ತ ಭಾಗವನ್ನು ಸರಿಪಡಿಸುವುದು ಅಥವಾ ಬದಲಿಸುವುದು, ಇಡೀ ವಾಹನ ಬದಲಿಸಿಕೊಡಿ ಎಂಬ ಆದೇಶ ಸರಿಯಲ್ಲ ಎಂದು ನ್ಯಾಯಾಲಯ ಹೇಳಿತು. ಭಾಗದ ಬೆಲೆ, ಕೂಲಿ, ಕಾರು ನಿಂತ ದಿನಗಳ ಓಡಾಟದ ಖರ್ಚು, ಇಷ್ಟನ್ನು ರಸೀದಿ ಸಮೇತ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು.

ಕಾರು ಕಂಪನಿಗಳಿಗೆ ಒಂದು ಒತ್ತಾಯ. ವಾರಂಟಿಯಿಂದ ಹೊರಗಿಟ್ಟ ಭಾಗಗಳ ಪಟ್ಟಿಯನ್ನು ಪ್ರತಿ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕನ್ನಡದಲ್ಲಿ ತೂಗುಹಾಕಿ. ನಿರಾಕರಣೆಗೆ ಒಂದು ಅಚ್ಚಾದ ಚೀಟಿ ಇರಲಿ. ಭಾಗದ ಹೆಸರು, ಕಂಡ ದೋಷ, ಅಳತೆ, ಕಲಮಿನ ಸಂಖ್ಯೆ ಎಂಬ ನಾಲ್ಕು ಕಾಲಂ ತುಂಬಿ, ಸರ್ವಿಸ್ ಮ್ಯಾನೇಜರ್ ಸಹಿಯೊಂದಿಗೆ ಅದನ್ನು ಗ್ರಾಹಕರ ಕೈಗೆ ಕೊಡುವುದು ಕಡ್ಡಾಯವಾಗಲಿ.

– ಮೋಟಾರು ರಿಪೇರಿ ವೃತ್ತಿಯವರು, ಹಾಸನ