ಬ್ರೇಕು ಒಂದು ಕಾಲದ್ದು ಲಿವರ್ ಇನ್ನೊಂದು ಕಾಲದ್ದು, ಹಂಗ್ ಮಾಡಬೇಡಿ

ಸಂಪಾದಕರೇ, ನಮಸ್ಕಾರ.

ಕಳೆದ ಭಾನುವಾರದ ಪುರವಣಿಲಿ ಹಳೇ ಮೌಂಟನ್ ಬೈಕ್ ರಿಪೇರಿ ಬಗ್ಗೆ ಒಂದು ಬರಹ ಬಂದಿತ್ತು. ಖುಷಿಯಾಯ್ತು, ಕನ್ನಡದಲ್ಲಿ ಇಂಥದ್ದು ಬರೋದೇ ಅಪರೂಪ. ಆದ್ರೆ ಅದ್ರಲ್ಲಿ, ಹಳೇ ಕ್ಯಾಂಟಿಲಿವರ್ ಬ್ರೇಕ್ (ರಿಮ್ಮಿನ ಎರಡೂ ಕಡೆ ಗಿಡ್ಡ ತೋಳು, ನಡುವೆ ತಂತಿ) ಬಿಚ್ಚಾಕಿ ವಿ-ಬ್ರೇಕ್ (ಆಮೇಲೆ ಬಂದ ಉದ್ದ ತೋಳಿಂದು) ಹಾಕಿಸಿ, ಲಿವರ್ (ಕೈಯಲ್ಲಿ ಹಿಚುಕೋ ಬ್ರೇಕ್ ಹಿಡಿ) ಚೆನ್ನಾಗಿದ್ರೆ ಅದನ್ನೇ ಇಟ್ಕೊಳ್ಳಿ ಅಂತ ಒಂದು ಸಲಹೆ ಇದೆ ನೋಡಿ, ಅದನ್ನ ಓದಿ ಕಾಫಿ ಲೋಟ ಕೆಳಗಿಟ್ಟೆ. ನಂದಿ ಬೆಟ್ಟ ಇಳಿಯೋ ಹುಡುಗ್ರೂ ನಿಮ್ಮ ಪೇಪರ್ ಓದ್ತಾರೆ ಸ್ವಾಮಿ.

ನಾನು ತುಮಕೂರು ಕಡೆಯವನು, ಈಗಿರೋದು ಕ್ಯಾಲಿಫೋರ್ನಿಯಾದ ಸನಿವೇಲಲ್ಲಿ. ಪಕ್ಕದ ಬೀದಿ ಗ್ಯಾರೇಜ್ ಸೇಲಲ್ಲಿ 40 ಡಾಲರಿಗೆ 80ರ ದಶಕದ ಒಂದು ಸ್ಟೀಲ್ ಮೌಂಟನ್ ಬೈಕ್ ಸಿಕ್ತು, ಎಲ್ಲಾ ಸರಿ ಇತ್ತು, ಬಲಗಡೆ ಲಿವರ್ ಮಾತ್ರ ಮುರಿದಿತ್ತು. ಒಂದು ಅಂಗಡಿಲಿ ಎಲ್ಲದಕ್ಕೂ ಆಗತ್ತೆ ಅಂತ ಹೊಸ ಜೊತೆ ಕೊಟ್ರು. ಹ್ಯಾಂಡಲ್‌ಗೇನೋ ಸಲೀಸಾಗಿ ಕೂತ್ಕೊಳ್ತು, ಕೂತ್ಕೊಳ್ಳದೇ ಏನು, ಹಿಡಿ ಕೂರೋ ಜಾಗ ಎಲ್ಲದರಲ್ಲೂ ಅದೇ 22.2 ಮಿ.ಮೀ. ಮೋಸ ಹೋಗೋದೇ ಅಲ್ಲಿ. ನಿಂತಲ್ಲೇ ಹಿಡಿದ್ರೆ ಕಲ್ಲು ಹಿಡಿದಂಗಿತ್ತು, ಎಂಥಾ ಗಟ್ಟಿ ಬ್ರೇಕಪ್ಪಾ ಅಂತ ಬೀಗಿದ್ದೇ ಬೀಗಿದ್ದು. ಆಮೇಲೆ ಗುಡ್ಡದ ಮಣ್ಣುದಾರಿಲಿ ಇಳೀತಾ ನಾಲ್ಕೂ ಬೆರಳು ಹಾಕಿ ಹಿಚುಕಿದ್ರೂ ಬೈಕು ತನ್ನ ಪಾಡಿಗೆ ಹೋಗ್ತಾನೇ ಇದೆ, ಕೊನೆಗೆ ಎರಡೂ ಕಾಲು ಊರಿ ಶೂ ಅಟ್ಟೆ ಸವೆಸ್ಕೊಂಡು ಯಾರದೋ ಬೇಲಿಗೆ ಒರಗಿ ನಿಂತೆ. ಅವು ವಿ-ಬ್ರೇಕ್ ಲಿವರ್‌ಗಳು.

ಲೆಕ್ಕ ಇಷ್ಟೇ. ಕ್ಯಾಂಟಿಲಿವರಿಗೆ ಕೇಬಲ್ ಸ್ವಲ್ಪ ಎಳೆದ್ರೆ ಸಾಕು, ಆದ್ರೆ ಬಲವಾಗಿ ಎಳೀಬೇಕು. 1996ರ ಸುಮಾರಿಗೆ ಶಿಮಾನೋದವರು ತಂದ ವಿ-ಬ್ರೇಕಿಗೆ ತೋಳು ಉದ್ದ, ಹೆಚ್ಚುಕಮ್ಮಿ ಎರಡರಷ್ಟು ಕೇಬಲ್ ಎಳೀಬೇಕು, ಬಲ ಕಮ್ಮಿ ಸಾಕು. ಅದಕ್ಕೇ ಲಿವರ್ ತಿರುಗೋ ಪಿನ್ನಿಂದ ಕೇಬಲ್ ತಲೆ ಕೂರೋ ಗುಂಡಿವರೆಗಿನ ದೂರಾನೇ ಬೇರೆ ಬೇರೆ. ಸ್ಕೇಲ್ ಇಟ್ಟು ನೋಡಿ, 20-25 ಮಿ.ಮೀ. ಆಸುಪಾಸು ಇದ್ರೆ ಕ್ಯಾಂಟಿಲಿವರಿಂದು, 30 ದಾಟಿದ್ರೆ ವಿ-ಬ್ರೇಕಿಂದು. ನನ್ನ ಕೇಸಲ್ಲಿ ಕ್ಯಾಂಟಿಲಿವರಿಗೆ ವಿ-ಬ್ರೇಕ್ ಲಿವರ್ ಹಾಕಿದ್ದಕ್ಕೆ ಬಲ ಸಾಲದೆ ಬ್ರೇಕ್ ಹಿಡೀಲೇ ಇಲ್ಲ. ನಿಮ್ಮ ಬರಹ ಹೇಳಿರೋದು ಅದರ ಉಲ್ಟಾ, ಹಳೇ ಲಿವರಿಗೆ ವಿ-ಬ್ರೇಕು. ಅದ್ರಲ್ಲಿ ಬ್ರೇಕ್ ಪೂರ್ತಿ ಹಿಡಿಯೋ ಮುಂಚೆನೇ ಲಿವರ್ ಬಂದು ಹ್ಯಾಂಡಲ್‌ಗೆ ತಾಗತ್ತೆ, ಹಾಗಾಗದೇ ಇರ್ಲಿ ಅಂತ ಪ್ಯಾಡ್ ರಿಮ್ಮಿಗೆ ಅಂಟಿಸಿದಂಗೆ ಇಟ್ರೆ ರಿಮ್ ಒಂಚೂರು ಸೊಟ್ಟ ಇದ್ರೂ ಉಜ್ಜತ್ತೆ, ಮತ್ತೆ ಹಿಡಿದಾಗ ಗಬಕ್ ಅಂತ ಹಿಡಿದು ಸವಾರ ಹ್ಯಾಂಡಲ್ ಮೇಲಿಂದ ಪಲ್ಟಿ. ಮಧ್ಯೆ ಹಾಕೋ ಪುಟ್ಟ ರಾಟೆ ಥರದ ಅಡಾಪ್ಟರ್ ಸಿಗತ್ತೆ, ಇಲ್ಲ ಅಂತಲ್ಲ, ಆದ್ರೆ ಒಳ್ಳೇ ಕ್ಯಾಂಟಿಲಿವರ್ ಇರೋವಾಗ ಆ ಸರ್ಕಸ್ ಯಾಕೆ?

ಕ್ಯಾಂಟಿಲಿವರ್ ಹಿಡಿಯಲ್ಲ ಅಂತ ಬೈಯೋರಲ್ಲಿ ಬಹಳ ಜನ ಅದನ್ನ ಸರಿಯಾಗಿ ಕಟ್ಟಿರಲ್ಲ. ಎರಡು ತೋಳಿನ ನಡುವೆ ತೋರಣದ ಥರ ಒಂದು ತುಂಡು ತಂತಿ ಇರತ್ತಲ್ಲ, ಸ್ಟ್ರ್ಯಾಡಲ್ ಕೇಬಲ್ ಅಂತಾರೆ, ಅದನ್ನ ನಡುವೆ ಹಿಡಿದು ಮೇಲಕ್ಕೆಳೆಯೋ ತ್ರಿಕೋನದ ತುಂಡೇ ಯೋಕ್. ಬಿಗಿಯಾಗಿ ಕಟ್ಟಿರೋ ಬಟ್ಟೆ ಹಗ್ಗದ ನಡುವೆ ಒಂದು ಬಕೆಟ್ ನೇತುಹಾಕಿ ನೋಡಿ, ಎರಡೂ ಕಡೆ ಗೂಟ ಒಳಗೆ ಬಾಗತ್ತೆ. ಹಂಗೇ ಇದೂನು, ತಂತಿ ಚಪ್ಪಟೆಯಾಗಿದ್ದಷ್ಟೂ ಬಲ ಜಾಸ್ತಿ. ನಾನು ಕ್ಯಾಂಟಿಲಿವರ್ ಲಿವರ್ ಹುಡುಕಿ ಹಾಕಿದ ಮೇಲೆ ಯೋಕನ್ನ ಬೆರಳಗಲ ಬೆರಳಗಲ ಕೆಳಗಿಳಿಸ್ತಾ ಹೋದೆ, ಪ್ರತಿ ಸಲ ಬೀದಿ ತುದಿವರೆಗೂ ಹೋಗಿ ಹಿಡಿದು ನೋಡಿ ವಾಪಸ್ ಬರೋದು, ಮೂರನೇ ಸಲಕ್ಕೆ ಎರಡು ಬೆರಳಲ್ಲಿ ನಿಂತು ಹಿಂದಿನ ಚಕ್ರ ಕಿರ್ ಅಂತು. ತೀರಾ ಕೆಳಗೆ ಬೇಡ, ಪ್ಯಾಡ್ ರಿಮ್ಮಿಗೆ ತೀರಾ ಹತ್ರ ಬರತ್ತೆ, ಕೆಸರು ಮೆತ್ಕೊಳ್ಳೋ ಟೈರಿಗೂ ಜಾಗ ಇರಲ್ಲ.

ಇಲ್ಲಿಂದ ಒಂದೂವರೆ ಗಂಟೆ ದಾರಿ ಫೇರ್‌ಫ್ಯಾಕ್ಸ್, ಮೌಂಟನ್ ಬೈಕಿನ ತವರು. ಅಲ್ಲಿ 1976ರಲ್ಲಿ ಶುರುವಾದ ಇಳಿಜಾರು ರೇಸಿಗೆ ರಿಪ್ಯಾಕ್ ಅಂತ ಹೆಸರು ಬಂದಿದ್ದೇ ಬ್ರೇಕಿಂದ. ಚಕ್ರದ ನಡುವಿನ ಹಬ್ ಒಳಗಿನ ಬ್ರೇಕ್ ಒಂದೇ ಇಳಿತಕ್ಕೆ ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗ್ತಿತ್ತು, ಮತ್ತೆ ಬಿಚ್ಚಿ ಗ್ರೀಸ್ ತುಂಬಬೇಕಿತ್ತು, ಅದೇ ರಿಪ್ಯಾಕ್. ಆ ಪಾಡು ಪಟ್ಟ ಮೇಲೇ ಅಲ್ಲಿನ ಸವಾರರು ಉದ್ದನೆ ಮೋಟರ್‌ಸೈಕಲ್ ಲಿವರು, ಫ್ರಾನ್ಸಿನ ಮಾಫಾಕ್ ಕ್ಯಾಂಟಿಲಿವರು ಅಂತ ಜೋಡಿ ಮಾಡಿದ್ದು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ತಂದ ಸ್ಟಂಪ್‌ಜಂಪರ್ ಮೌಂಟನ್ ಬೈಕಲ್ಲೂ ಮಾಫಾಕ್ಕೇ ಇತ್ತು.

ಹೊಸ ಕ್ಯಾಂಟಿಲಿವರ್ ಕೊಳ್ಳೋರಿಗೆ, ಕಾಸಿಗೆ ತಕ್ಕಂಗೆ ಟೆಕ್ಟ್ರೋ ಸಿಆರ್720 ಚೆನ್ನಾಗಿದೆ, ಆದ್ರೆ ತೋಳು ಹೊರಕ್ಕೆ ಚಾಚಿರತ್ತೆ, ಸಣ್ಣ ಫ್ರೇಮಲ್ಲಿ ಹಿಂದಗಡೆ ಹಿಮ್ಮಡಿಗೆ ಬಡಿಯತ್ತೆ, ಅಂಥೋರು ಮುಂದಕ್ಕೆ ಮಾತ್ರ ಹಾಕ್ಕೊಳ್ಳಿ. ಜೊತೆಗೆ ಅದೇ ಕಂಪನಿ ಎಫ್‌ಎಲ್750 ಲಿವರ್ ಸರಿಹೊಂದತ್ತೆ. ದುಡ್ಡಿದ್ರೆ ಪಾಲ್ ಕಂಪನಿದು, ಆದ್ರೆ ಅವರ ಲವ್ ಲಿವರ್ ವಿ-ಬ್ರೇಕಿಂದು, ಕ್ಯಾಂಟಿ ಲಿವರ್ ಅಂತಲೇ ಕೇಳಿ ತಗೊಳ್ಳಿ. ಮೊದಲು ಹೊಸ ಪ್ಯಾಡು ಹೊಸ ಕೇಬಲ್ ಹಾಕಿ ನೋಡಿ, ಅಷ್ಟಕ್ಕೇ ಮುಗಿಯೋದೂ ಉಂಟು. 1986ರಿಂದ 88ರ ಆಸುಪಾಸಿನ ಎಷ್ಟೋ ಬೈಕಲ್ಲಿ ಹಿಂದಿನ ಬ್ರೇಕ್ ಪೆಡಲ್ ಹತ್ರ ಕೆಳಗೆ ಕೂತಿರತ್ತೆ, ಯು-ಬ್ರೇಕು, ಫ್ರೇಮಲ್ಲಿ ಅದು ಕೂರೋ ಗೂಟದ ಜಾಗವೇ ಬೇರೆ, ಅಲ್ಲಿ ಕ್ಯಾಂಟಿಲಿವರ್ ಕೂರಲ್ಲ.

ಇನ್ನೊಂದು. ಅಂದಕ್ಕೆ ರಿಫ್ಲೆಕ್ಟರ್ ಬ್ರ್ಯಾಕೆಟ್ ಕಿತ್ತಾಕಿ ಅಂತಲೂ ಬರ್ದಿದ್ದಾರೆ. ಮುಂದಿನ ಬ್ರೇಕ್ ಕೇಬಲ್ ಕಡಿದ್ರೆ ಆ ತೋರಣದ ತಂತಿ ಸೀದಾ ಟೈರಿನ ಉಬ್ಬುಗಳ ಮೇಲೆ ಬಿದ್ದು ಚಕ್ರ ಗಕ್ಕಂತ ನಿಲ್ಲತ್ತೆ, ಆ ಬ್ರ್ಯಾಕೆಟ್ಟೋ ಮಡ್‌ಗಾರ್ಡೋ ಇದ್ರೆ ಅದನ್ನ ಹಿಡ್ಕೊಳ್ಳತ್ತೆ. ಲಿವರಿಂದು, ಬ್ರ್ಯಾಕೆಟ್ಟಿಂದು, ಈ ಎರಡು ಸಲಹೆಗೂ ಮುಂದಿನ ಭಾನುವಾರದ ಪುರವಣಿಲೇ ತಿದ್ದುಪಡಿ ಹಾಕಿ, ಒಳಪುಟದ ಮೂಲೇಲಲ್ಲ, ಆ ಬರಹ ಬಂದ ಜಾಗದಲ್ಲೇ.

ನಿಮ್ಮ ಹಳೇ ಓದುಗ,
ಸನಿವೇಲ್, ಕ್ಯಾಲಿಫೋರ್ನಿಯಾ