ಶಾಂತಿ ಕೆಲಸಕ್ಕೆಂದು ಕೊಲಂಬಿಯಾಕ್ಕೆ ಹೊರಟ ಮಗಳಿಗೆ

ಮಗಳೇ,

ನಿನ್ನೆ ಫೋನಿನಲ್ಲಿ ದನಿ ಏರಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಆದರೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲ್ಲ. "ಮೊದಲು ಬಂದೂಕು ನಿಲ್ಲಲಿ ಅಮ್ಮಾ, ನ್ಯಾಯ ಆಮೇಲೆ ನೋಡಿದರಾಯಿತು" ಅಂದೆಯಲ್ಲ, ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಎಲ್ ಸಾಲ್ವಡಾರ್‌ನ ರುಫಿನಾ ಅಮಾಯಾ ನೆನಪಾದರು. ಆ ದೇಶದಲ್ಲಿ ಆಗ ಸರ್ಕಾರಕ್ಕೂ ಬಂಡುಕೋರ ಗೆರಿಲ್ಲಾಗಳಿಗೂ ಯುದ್ಧ ನಡೀತಿತ್ತು. 1981ರ ಡಿಸೆಂಬರ್‌ನಲ್ಲಿ ಸೈನ್ಯ ಅವರ ಊರು ಎಲ್ ಮೊಸೊಟೆಗೆ ನುಗ್ಗಿ ಜನರನ್ನು ಕೊಂದಿತು. ಅವರು ಅಡಗಿ ಕೂತು ಬದುಕಿಕೊಂಡರು. ತಮ್ಮ ಮಕ್ಕಳ ಕೂಗು ಅವರಿಗೆ ಕೇಳಿಸುತ್ತಿತ್ತು. ಬಾಯಿ ಬಿಡುವ ಹಾಗಿರಲಿಲ್ಲ. ಆಮೇಲೆ ಕಂಡದ್ದನ್ನು ಹೇಳಿದರೆ ಸರ್ಕಾರ ಅಂಥದ್ದೇನೂ ನಡೆದೇ ಇಲ್ಲ ಎಂದಿತು. ಶಾಂತಿ ಒಪ್ಪಂದವಾದ 1992ರಲ್ಲೇ ಅಲ್ಲಿನ ಚರ್ಚಿನ ಪಕ್ಕದ ಕಟ್ಟಡ ಅಗೆದರು. ಸಿಕ್ಕ ಮೂಳೆಗಳಲ್ಲಿ ಹೆಚ್ಚಿನವು 12 ವರ್ಷದೊಳಗಿನ ಮಕ್ಕಳದ್ದು. ಯುದ್ಧದ ದೌರ್ಜನ್ಯಗಳ ತನಿಖೆ ಮಾಡಿದ ಸತ್ಯ ಆಯೋಗ ಮರುವರ್ಷ ವರದಿ ಕೊಟ್ಟಿತು. ಐದೇ ದಿನಕ್ಕೆ ಎಲ್ಲರಿಗೂ ಕ್ಷಮಾದಾನದ ಕಾನೂನು! ಆ ಕಾನೂನನ್ನು ಕೋರ್ಟ್ ರದ್ದು ಮಾಡಿದ್ದು 2016ರಲ್ಲಿ. ರುಫಿನಾ 2007ರಲ್ಲೇ ತೀರಿಹೋಗಿದ್ದರು.

ಆ ಯುದ್ಧ ಮತ್ತೆ ಶುರುವಾಗಲಿಲ್ಲ ಅಂತೀಯ. ನಿಜ. ಯಾಕೆ ಅಂತ ನೋಡು. ಹೊಸ ಪೊಲೀಸ್ ಪಡೆಯಲ್ಲಿ ಶೇ. 20 ಜಾಗ ಹಳೆಯ ಗೆರಿಲ್ಲಾಗಳಿಗೆ, ಅಷ್ಟೇ ಹಳೆಯ ಪೊಲೀಸರಿಗೆ, ಉಳಿದದ್ದು ಎರಡೂ ಕಡೆ ಸೇರದವರಿಗೆ ಎಂದು ಹಂಚಿದರು. ನಾಳೆ ಠಾಣೆಗೆ ಹೋದರೆ ಅಲ್ಲಿ ನಮ್ಮವನೂ ಒಬ್ಬ ಇರುತ್ತಾನೆ ಅನ್ನೋ ಧೈರ್ಯ ಇಲ್ಲದೆ ಯಾರು ಬಂದೂಕು ಕೆಳಗಿಡ್ತಾರೆ ಹೇಳು? ಬಂದೂಕು ಹಿಡಿದಿದ್ದವರಿಗೆ ನ್ಯಾಯದ ಪಾಲು ಮೊದಲೇ ಸಿಕ್ಕಿತು. ಆಮೇಲೆ ನೋಡೋಣ ಅಂದದ್ದು ರುಫಿನಾಗೆ ಮಾತ್ರ. ನನ್ನ ಹೆದರಿಕೆ ಇದೇ.

ನೀನು ಹೋಗುವ ಕಡೆ ಸರ್ಕಾರ ಮತ್ತು ಫಾರ್ಕ್ ಎಂಬ ಗೆರಿಲ್ಲಾ ಗುಂಪಿನ ನಡುವಿನ 2016ರ ಶಾಂತಿ ಒಪ್ಪಂದ ಬೇರೆ ದಾರಿ ಹಿಡಿದಿದೆ. ಸತ್ಯವನ್ನು ಮೊದಲೇ ಪೂರ್ತಿ ಒಪ್ಪಿಕೊಂಡವರಿಗೆ ಜೈಲಿಲ್ಲ. 5ರಿಂದ 8 ವರ್ಷ ನಿರ್ಬಂಧದಲ್ಲಿದ್ದು ನೊಂದವರಿಗಾಗಿ ಕೆಲಸ ಮಾಡಬೇಕು. ಒಪ್ಪದೆ ತಪ್ಪಿತಸ್ಥರಾದರೆ 20 ವರ್ಷದವರೆಗೆ ಜೈಲು. ಮಗನನ್ನು ಕಳೆದುಕೊಂಡ ತಾಯಿಗೆ ಇದು ಏನೇನೂ ಸಾಲದು. ಆದರೂ ಎದುರು ಕೂತು "ನನ್ನ ಮಗ ಎಲ್ಲಿ?" ಎಂದು ಕೇಳಬಹುದು, ಅಲ್ವಾ?

ಇಂಥ ಕೆಲಸಕ್ಕೆ ನಿನ್ನನ್ನು ಆರಿಸಿದ್ದಾರೆ ಅಂತ ಕಂಡಕಂಡವರಿಗೆಲ್ಲ ಹೇಳ್ತಿದ್ದೀನಿ. ಕಮಾಂಡರ್‌ಗಳ ಜೊತೆಗಿನ ಮೀಟಿಂಗ್‌ಗಳಲ್ಲೇ ದಿನ ಕಳೆಯಬೇಡ. ಹಳ್ಳಿಯ ಹೆಂಗಸರ ಹತ್ತಿರ ಕೂತ್ಕೋ. ಹೇಳಿದ್ದನ್ನೇ ಮತ್ತೆ ಹೇಳಿದರೂ ತಡೀಬೇಡ, ಬರೆದುಕೋ. ಮತ್ತೆ, ಒಪ್ಪಂದಕ್ಕೆ ಸೇರದ ಗುಂಪುಗಳು ಅಲ್ಲಿ ಇನ್ನೂ ಇವೆ. ಕತ್ತಲಾದ ಮೇಲೆ ಪ್ರಯಾಣ ಬೇಡ. ಇದರಲ್ಲಿ ನನ್ನ ಜೊತೆ ವಾದ ಮಾಡಬೇಡ.

ಅಮ್ಮ