ಸಮಿತಿಯ ರಿಜಿಸ್ಟರ್ ನಿನಗೆ ಕಳಿಸುತ್ತಿದ್ದೇನೆ

ಕೋಡಿಬಾಗ, ಕಾರವಾರ
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ನಿನ್ನೆ ನೀನು ಫೋನ್ ಮಾಡಿದಾಗ ಅಂಗಡಿ ತುಂಬ ಜನ ಇದ್ದರು. ಸರಿಯಾಗಿ ಮಾತಾಡಲು ಆಗಲಿಲ್ಲ. "ಫಾರ್ಮಸಿಸ್ಟರ ಸಂಘದವರು ಔಷಧ ತಯಾರಿಕೆ ಸಮಿತಿಗೆ ನನ್ನನ್ನೇ ಸಂಚಾಲಕ ಮಾಡ್ತೀವಿ ಅಂತಿದ್ದಾರೆ. ಸಂಬಳ ಇಲ್ಲ, ಬಸ್ ಚಾರ್ಜೂ ಕೈಯಿಂದಲೇ. ಒಪ್ಪಿಕೊಳ್ಳಲಾ, ಬೇಡ್ವಾ?" ಅಂತ ನೀನು ಕೇಳಿದೆ. ಒಪ್ಪಿಕೋ ಮಾರಾಯ. ಯಾಕೆ ಅಂತ ಹೇಳಲು ಊಟ ಮುಗಿಸಿ ಕೂತಿದ್ದೇನೆ. ಹೊರಗೆ ಮಳೆ ಹೊಯ್ಯುತ್ತಿದೆ. ನಮ್ಮ ಉಳಿದ ಗೆಳೆಯರೂ ಓದಲಿ ಅಂತ ಈ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ. ಬೇಡ ಅನ್ನಬೇಡ.

ನಾನು ಈ ಸಮಿತಿಗೆ ಯಾಕೆ ಬಂದೆ ಅಂತ ನಿನಗೂ ಪೂರ್ತಿ ಹೇಳಿಲ್ಲ. ಒಂದು ಮಗುವಿನ ವಿಷಯ ಅದು. ಐದು ಕೆಜಿ ತೂಕದ ಕೂಸು. ಕೆನ್ನೆಯ ಮೇಲೆ ಹೆಮಾಂಜಿಯೋಮಾ, ಅಂದರೆ ರಕ್ತನಾಳಗಳ ಕೆಂಪು ಗಂಟು. ಜಿಲ್ಲೆಯ ಹೊರಗಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ ಬಂದಿದ್ದರು. ಚೀಟಿಯಲ್ಲಿ "ಪ್ರೊಪ್ರನಲಾಲ್ ಸಸ್ಪೆನ್ಷನ್, 5 ಎಂಎಲ್, ದಿನಕ್ಕೆ ಎರಡು ಸಲ" ಅಂತಷ್ಟೇ ಇತ್ತು. ಪ್ರೊಪ್ರನಲಾಲ್ ಆ ಗಂಟು ಇಳಿಸಲು ಕೊಡುವ ಔಷಧ, ಸಸ್ಪೆನ್ಷನ್ ಅಂದರೆ ಔಷಧದ ಪುಡಿ ಕಲಸಿದ ದ್ರವ. ಎಂಎಲ್‌ಗೆ ಎಷ್ಟು ಮಿಲಿಗ್ರಾಂ ಅಂತ ಇರಲಿಲ್ಲ. ಈ ಗಾತ್ರದ ಮಕ್ಕಳಿಗೆ ಬೇಕಾದ ದ್ರವ ರೂಪ ನಮ್ಮ ಕಡೆ ಅಂಗಡಿಯಲ್ಲಿ ಸಿಗುವುದಿಲ್ಲ, ಗೊತ್ತಲ್ಲ. ಮಾತ್ರೆ ಅರೆದೇ ಮಾಡಬೇಕು. ನಾನು ಯಾವಾಗಲೂ ಮಾಡುವ ಹಾಗೆ 10 ಮಿಲಿಗ್ರಾಂನ ಹತ್ತು ಮಾತ್ರೆ ಮಾರ್ಟರಿಗೆ ಹಾಕಿದೆ. ನುಣ್ಣಗೆ ಅರೆದು, ಸಿರಪ್ ಸ್ವಲ್ಪ ಸ್ವಲ್ಪವೇ ಸೇರಿಸಿ 50 ಎಂಎಲ್‌ಗೆ ತಂದೆ. ಎಂಎಲ್‌ಗೆ 2 ಮಿಲಿಗ್ರಾಂ ಆಯಿತು. ಲೇಬಲ್ ಬರೆದೆ, ಕೊಟ್ಟೆ.

ಮಾರನೇ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗಲೇ ಆ ತಾಯಿ ಮೆಟ್ಟಿಲ ಮೇಲೆ ನಿಂತಿದ್ದಳು. ಮಾಜಾಳಿಯಿಂದ ಮೊದಲ ಬಸ್ಸಿಗೆ ಬಂದಿದ್ದಳು. ಕೈಯಲ್ಲಿ ಎರಡು ಬಾಟಲಿ. ಒಂದು ಆಸ್ಪತ್ರೆಯದು, ತಳದಲ್ಲಿ ಸ್ವಲ್ಪ ಉಳಿದಿತ್ತು. ಇನ್ನೊಂದು ನನ್ನದು. ಎರಡನ್ನೂ ಬೆಳಕಿಗೆ ಹಿಡಿದು ತೋರಿಸಿದಳು. "ಸರ್, ಅದು ಇಷ್ಟು ಮಂದ ಇರಲಿಲ್ಲ. ತಳದಲ್ಲಿ ಇಷ್ಟು ಕೂರ್ತಿರಲಿಲ್ಲ. ಅದಕ್ಕೇ ನಿನ್ನೆ ರಾತ್ರಿ ಕೊಡಲಿಲ್ಲ" ಅಂದಳು. ಆಸ್ಪತ್ರೆಯ ಬಾಟಲಿಯ ಲೇಬಲ್ ಅರ್ಧ ಅಳಿಸಿತ್ತು, ಆದರೂ ಓದಲು ಬಂತು. ಎಂಎಲ್‌ಗೆ 1 ಮಿಲಿಗ್ರಾಂ.

ಲೆಕ್ಕ ನೀನೇ ಹಾಕು. ಕೂಸಿಗೆ ಒಂದು ಸಲಕ್ಕೆ ಹೋಗಬೇಕಾದದ್ದು 5 ಮಿಲಿಗ್ರಾಂ. ನನ್ನ ಬಾಟಲಿಯಿಂದ ಹೋಗುತ್ತಿದ್ದದ್ದು 10. ಪ್ರೊಪ್ರನಲಾಲ್ ಜಾಸ್ತಿಯಾದರೆ ಎದೆಬಡಿತ ಇಳಿಯುತ್ತದೆ. ಹಾಲು ಸರಿಯಾಗಿ ಕುಡಿಯದ ಕೂಸಾದರೆ ರಕ್ತದಲ್ಲಿ ಸಕ್ಕರೆಯೂ ಇಳಿಯುತ್ತದೆ. ನಾನು ಒಂದು ಫೋನ್ ಮಾಡಿ ಸ್ಟ್ರೆಂತ್, ಅಂದರೆ ಎಂಎಲ್‌ಗೆ ಎಷ್ಟು ಮಿಲಿಗ್ರಾಂ ಅಂತ, ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಆಸ್ಪತ್ರೆಯವರು ಮಿಲಿಗ್ರಾಂ ಬರೆಯಬೇಕಿತ್ತು ನಿಜ. ಆದರೆ ಅರೆದವನು ನಾನು. ಅವಳ ಎದುರೇ ಬಾಟಲಿ ಖಾಲಿ ಮಾಡಿ ಹೊಸದು ಮಾಡಿಕೊಟ್ಟೆ. ತಪ್ಪು ನನ್ನದು ಅಂತ ಹೇಳಿದೆ. ಅವಳು ಬೈಯಲಿಲ್ಲ. ಸ್ಪೂನಿನಲ್ಲಿ ಕೊಡಲಾ, ಸಿರಿಂಜಿನಲ್ಲಿ ಕೊಡಲಾ ಅಂತ ಕೇಳಿದಳು.

ಮೂರು ವಾರ ಇದನ್ನು ಯಾರಿಗೂ ಹೇಳಲಿಲ್ಲ. ಆಮೇಲೆ ಕುಮಟಾದಲ್ಲಿ ಸಂಘದ ಮೀಟಿಂಗ್ ಇತ್ತು. ಶುಲ್ಕ, ಫಾರ್ಮಸಿಸ್ಟರ ದಿನಾಚರಣೆ, ಸನ್ಮಾನ ಅಂತ ಎಂದಿನ ಮಾತು ನಡೆದಿತ್ತು. ಕೊನೆಗೆ ನಾನು ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಸಭೆ ತಣ್ಣಗಾಯಿತು. ಫ್ಯಾನ್ ತಿರುಗುವ ಸದ್ದು ಮಾತ್ರ. ಆಗ ಭಟ್ಕಳದ ಹಿರಿಯರೊಬ್ಬರು, ನಲವತ್ತು ವರ್ಷ ಈ ಕೆಲಸ ಮಾಡಿದವರು, ಕೂತಲ್ಲಿಂದಲೇ "ನನ್ನ ಕೈಯಿಂದಲೂ ಆಗಿದೆ" ಅಂದರು. ತಕ್ಕಡಿಯಲ್ಲಿ ದಶಾಂಶ ತಪ್ಪಿ ಓದಿದ್ದನ್ನು ಹೇಳಿದರು. ಆಮೇಲೆ ಹೊನ್ನಾವರದವಳು ಒಬ್ಬಳು ಹೇಳಿದಳು. ಆಮೇಲೆ ಮತ್ತಿಬ್ಬರು. ಆ ದಿನವೇ ಈ ಸಮಿತಿ ಹುಟ್ಟಿತು. ಒಂದು ಔಷಧ ಜಿಲ್ಲೆಯ ಹನ್ನೆರಡೂ ತಾಲೂಕಿನಲ್ಲಿ ಒಂದೇ ಸ್ಟ್ರೆಂತಿನಲ್ಲಿ ಆಗಬೇಕು, ಅಷ್ಟೇ ಕೆಲಸ.

ಇದು ನಾವೇ ಕಂಡುಹಿಡಿದ ಹಾದಿ ಏನಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಮಕ್ಕಳ ಔಷಧಕ್ಕೆ ಇಂಥದ್ದೇ ತೊಂದರೆ ಇತ್ತು. ಒಂದೊಂದು ಕಡೆ ಒಂದೊಂದು ಸ್ಟ್ರೆಂತ್. ಅಲ್ಲಿನ ಫಾರ್ಮಸಿಸ್ಟರು ಕೂತು ಇಡೀ ರಾಜ್ಯಕ್ಕೆ ಒಂದು ಪಟ್ಟಿ ಮಾಡಿದರು. ಅವರಿಗೆ ಆಗುವುದಾದರೆ ಕಾರವಾರ, ಶಿರಸಿ, ಜೋಯಿಡಾಕ್ಕೆ ಯಾಕೆ ಆಗಬಾರದು?

ಈಗ ಸಂಚಾಲಕನ ಕೆಲಸದ ಮಾತು. ಮೊದಲ ವರ್ಷ ನಾನು ಎಡವಿದ್ದು ಇಲ್ಲೇ. ಯಾರ ಕೈಗೂ ಕೊಡದೆ ಹನ್ನೊಂದು ಔಷಧ ಮಾಡುವ ವಿಧಾನದ ಹಾಳೆ ನಾನೇ ಬರೆದೆ. ರಾತ್ರಿ ಹನ್ನೆರಡರವರೆಗೆ ಕೂತು ಬರೆದೆ. ಚಂದ ಮಾಡಿ ಪ್ರಿಂಟ್ ಹಾಕಿಸಿ ಎಲ್ಲರಿಗೂ ಕಳಿಸಿದೆ. ಆರು ತಿಂಗಳ ಮೇಲೆ ಯಲ್ಲಾಪುರಕ್ಕೆ ಹೋದಾಗ ನೋಡುತ್ತೇನೆ, ಹಾಳೆ ಡ್ರಾಯರಿನಲ್ಲಿ ಮಡಿಸಿಟ್ಟಲ್ಲೇ ಇದೆ. ಅಲ್ಲಿನ ಫಾರ್ಮಸಿಸ್ಟ್ ಹುಡುಗನ ತಪ್ಪಲ್ಲ ಅದು. ಅವನನ್ನು ನಾನು ಏನನ್ನೂ ಕೇಳಿರಲಿಲ್ಲವಲ್ಲ! ಎರಡನೇ ವರ್ಷ ತಾಲೂಕಿಗೆ ಒಂದು ಔಷಧ ಹಂಚಿದೆವು. ಅವರೇ ಓದಬೇಕು, ಅವರೇ ಮಾಡಿ ನೋಡಬೇಕು, ಅವರೇ ಬರೆಯಬೇಕು. ನಿಧಾನ ಆಯಿತು. ಕೆಲವು ಹಾಳೆ ನಾಲ್ಕು ಸಲ ವಾಪಸ್ ಹೋಯಿತು. ಆದರೆ ಈಗ ಆ ಹಾಳೆ ಎಲ್ಲರ ಮೇಜಿನ ಮುಂದೆ ಗೋಡೆಗೆ ಅಂಟಿದೆ.

ಹಾಳೆಯಲ್ಲಿ ಏನಿರುತ್ತದೆ ಅಂತ ನೀನು ಕೇಳಿದ್ದೆ. ಸ್ಟ್ರೆಂತ್, ಯಾವ ಮಾತ್ರೆ ಎಷ್ಟು, ಯಾವ ಸಿರಪ್, ಬಾಟಲಿ ಯಾವ ಬಣ್ಣದ್ದು, "ಚೆನ್ನಾಗಿ ಅಲುಗಾಡಿಸಿ" ಅನ್ನುವ ಲೇಬಲ್, ಎಷ್ಟು ದಿನ ಇಡಬಹುದು. ಈ ಕೊನೆಯದಕ್ಕೇ ಎರಡು ಮೀಟಿಂಗ್ ಹಿಡಿಯಿತು. ಬೇರೆ ಪರೀಕ್ಷೆಯ ಆಧಾರ ಇಲ್ಲದಿದ್ದರೆ ನೀರು ಸೇರಿದ, ಕೆಡದಂತೆ ತಡೆಯುವ ಪ್ರಿಸರ್ವೇಟಿವ್ ಹಾಕದ ಔಷಧಕ್ಕೆ ಫ್ರಿಜ್ಜಿನಲ್ಲಿ 14 ದಿನ, ಪ್ರಿಸರ್ವೇಟಿವ್ ಇದ್ದರೆ 35 ದಿನ ಅಂತ ಅಮೆರಿಕದ ಔಷಧ ಗುಣಮಟ್ಟದ ಗ್ರಂಥ ಫಾರ್ಮಕೋಪಿಯಾದ 795ನೇ ಅಧ್ಯಾಯ ಹೇಳುತ್ತದೆ. ನಾವು ಕರಾವಳಿಯವರು 14 ಅಂತ ಬರೆದು ಮುಗಿಸಲು ಹೊರಟಿದ್ದೆವು. ಜೋಯಿಡಾದಿಂದ ಬಂದವನು ಮೂಲೆಯಲ್ಲಿ ಸುಮ್ನೆ ಕೂತಿದ್ದ. ನಾನೇ ಕೇಳಿದೆ, "ನಿಮ್ಮಲ್ಲಿ ಹೇಗೆ?" ಅಂತ. ಅವನು, "ಮಳೆಗಾಲದಲ್ಲಿ ಮರ ಬಿದ್ದರೆ ಎರಡು ದಿನ ಕರೆಂಟ್ ಇರೋದಿಲ್ಲ. ಎಷ್ಟೋ ಮನೆಯಲ್ಲಿ ಫ್ರಿಜ್ಜೇ ಇಲ್ಲ" ಅಂದ. ಹದಿನಾಲ್ಕು ಅಂತ ಬರೆದರೆ ಅಲ್ಲಿನ ಮಗುವಿಗೆ ಕೆಟ್ಟ ಔಷಧ ಹೋಗುತ್ತಿತ್ತು. ಅಂಥ ಮನೆಗಳಿಗೆ ಪುಡಿ ಮಾಡಿ ಪೊಟ್ಟಣ ಕಟ್ಟಿ ಕೊಡೋಣ, ಒಂದೊಂದು ಹೊತ್ತಿಗೆ ಒಂದೊಂದು ಪೊಟ್ಟಣ, ಅಂತ ಕೊನೆಗೆ ನಿರ್ಧಾರ ಆಯಿತು. ಅದು ಅವನದೇ ಸಲಹೆ. ಹಾಗಾಗಿ ನಿನಗೆ ಒಂದು ಮಾತು: ಮೀಟಿಂಗಿನಲ್ಲಿ ಯಾವಾಗಲೂ ದೂರದವನನ್ನು ಮೊದಲು ಕೇಳು. ಕಾರವಾರದವರು, ಶಿರಸಿಯವರು ಹೇಗೂ ಮಾತಾಡುತ್ತಾರೆ.

"ಇಲ್ಲ" ಅನ್ನುವುದೂ ನಿನ್ನ ಪಾಲಿಗೆ ಬರುತ್ತದೆ. ಹುರುಪಿನ ಹುಡುಗನೊಬ್ಬ ಕಣ್ಣಿನ ಡ್ರಾಪ್ಸ್ ಕೂಡ ಮಾಡೋಣ, ಮುಂದೆ ಇಂಜೆಕ್ಷನ್ನೂ ಮಾಡೋಣ ಅಂದ. ಜಾಣ ಹುಡುಗ, ಓದಿಕೊಂಡಿದ್ದಾನೆ. ನಾನು ಅವನಿಗೆ ಎಲ್ಲರೆದುರು ಬೇಡ ಅನ್ನಲಿಲ್ಲ. ಮೀಟಿಂಗ್ ಮುಗಿದ ಮೇಲೆ ಚಹಾಕ್ಕೆ ಕರೆದುಕೊಂಡು ಹೋದೆ. 2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಆದದ್ದನ್ನು ಹೇಳಿದೆ. ಅಲ್ಲಿನ ಒಂದು ಕಾಂಪೌಂಡಿಂಗ್ ಕೇಂದ್ರ, ಅಂದರೆ ನಮ್ಮ ಹಾಗೆ ಔಷಧ ಬೆರೆಸಿ ಮಾಡುವ ಜಾಗ, ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ರಾಶಿ ರಾಶಿ ಮಾಡಿ ಊರೂರಿಗೆ ಕಳಿಸಿತ್ತು. ಅದರಲ್ಲಿ ಶಿಲೀಂಧ್ರ ಸೇರಿತ್ತು. 20 ರಾಜ್ಯಗಳಲ್ಲಿ 750ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 60ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಅವರು ಕಾನೂನು ಬದಲಿಸಬೇಕಾಯಿತು. ನಮ್ಮ ಹತ್ತಿರ ಶುದ್ಧ ಗಾಳಿಯ ಕೋಣೆ ಇಲ್ಲ. ಒಬ್ಬ ರೋಗಿ, ಒಂದು ಚೀಟಿ, ಒಂದು ಬಾಟಲಿ, ಅದೂ ಬಾಯಿಗೆ ಇಲ್ಲವೇ ಚರ್ಮಕ್ಕೆ. ಅದರಾಚೆ ನಾವು ಹೋಗುವುದಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಮುಲಾಮಿನ ಹಾಳೆ ನಾನು ಬರೀತೀನಿ" ಅಂದ. ಹುಳುಕಡ್ಡಿಗೆ ಹಚ್ಚುವ ವಿಟ್‌ಫೀಲ್ಡ್ ಮುಲಾಮಿನ ಹಾಳೆ ಅವನದೇ. ಬೆಂಜಾಯಿಕ್ ಆಸಿಡ್ 6, ಸ್ಯಾಲಿಸಿಲಿಕ್ 3 ಪರ್ಸೆಂಟ್. ಎಷ್ಟು ನೀಟಾಗಿ ಬರೆದಿದ್ದಾನೆ ನೋಡು.

ಇನ್ನೊಂದು ಸಲ ಏಜೆಂಟ್ ಒಬ್ಬ ಬಂದ. ಅಗ್ಗದ ಗ್ಲಿಸರಿನ್ ತಂದಿದ್ದ. ನಮ್ಮ ಮೀಟಿಂಗಿನ ಊಟದ ಖರ್ಚು ತಾನು ನೋಡಿಕೊಳ್ಳುತ್ತೇನೆ ಅಂದ. ಬ್ಯಾಚಿನ ಪರೀಕ್ಷೆಯ ಸರ್ಟಿಫಿಕೇಟ್ ಕೇಳಿದರೆ ಕೊಡಲಿಲ್ಲ. 1986ರಲ್ಲಿ ಮುಂಬೈಯ ಒಂದು ಆಸ್ಪತ್ರೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ ಬೆರೆತ ಗ್ಲಿಸರಿನ್ ಕುಡಿಸಿ 14 ಜನ ಸತ್ತದ್ದು ನಮಗೆ ಕಾಲೇಜಿನಲ್ಲೇ ಹೇಳಿಕೊಟ್ಟಿದ್ದಾರೆ, ನೆನಪಿದೆಯಲ್ಲ? ಊಟಕ್ಕೆ ತಲಾ ನೂರು ರೂಪಾಯಿ ನಾವೇ ಹಾಕಿದೆವು. ಈಗಲೂ ಹಾಗೇ ನಡೆದಿದೆ. ಅದನ್ನು ಬದಲಿಸಬೇಡ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತಲ್ಲ, ಈ ಹಾಳೆಗಳ ಬೆಲೆ ನನಗೆ ಪೂರ್ತಿ ಗೊತ್ತಾದದ್ದು ಆಗ. ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. ಕುಮಟಾದಲ್ಲಿ ಔಷಧ ಮಾಡಿಸಿಕೊಳ್ಳುತ್ತಿದ್ದ ಒಂದು ಮಗುವಿನ ಅಪ್ಪ ನನ್ನ ಅಂಗಡಿಗೆ ಬಂದ. ಬಾಟಲಿಯಲ್ಲಿ ಎರಡು ದಿನದ್ದು ಮಾತ್ರ ಉಳಿದಿತ್ತು. ಲೇಬಲ್ ನೋಡಿದೆ. ಗೋಡೆಯ ಮೇಲಿನ ಹಾಳೆ ನೋಡಿದೆ. ಅದೇ ಸ್ಟ್ರೆಂತ್, ಅದೇ ಸಿರಪ್. ಆದರೂ ಕುಮಟಾಕ್ಕೆ ಫೋನ್ ಮಾಡಿ ಕೇಳಿ ಖಚಿತ ಮಾಡಿಕೊಂಡೆ. ಅರ್ಧ ಗಂಟೆಯಲ್ಲಿ ಬಾಟಲಿ ಅವನ ಕೈಗೆ ಹೋಯಿತು. "ಎಂಎಲ್ ಬದಲಾಗ್ತದಾ?" ಅಂತ ಕೇಳಿದ. "ಇಲ್ಲ, ಅಷ್ಟೇ ಕೊಡಿ" ಅಂದೆ. ಆ ಮಾತು ಹೇಳಲು ನಮಗೆ ಎರಡು ವರ್ಷ ಹಿಡಿದಿತ್ತು.

ನಿನ್ನ ಅಂಗಡಿಯ ಬೋರ್ಡಿನ ಮೇಲೆ "ಫಾರ್ಮಸಿ" ಅಂತ ಇದೆ. ಆ ಹೆಸರು ಹಾಕಬೇಕಾದರೆ ತಕ್ಕಡಿ, ಮಾರ್ಟರ್, ಅಳತೆಯ ಗ್ಲಾಸು ಎಲ್ಲ ಇರಬೇಕು ಅಂತ 1945ರ ಔಷಧ ನಿಯಮಗಳ ಶೆಡ್ಯೂಲ್ ಎನ್ ಹೇಳುತ್ತದೆ. ಎಷ್ಟೋ ಕಡೆ ಅವು ಇನ್‌ಸ್ಪೆಕ್ಷನ್‌ಗೆ ಮಾತ್ರ ಇವೆ, ಧೂಳು ಹಿಡಿದಿವೆ. ನಿನ್ನಲ್ಲಿ ಹಾಗಿಲ್ಲ. ನಿನ್ನ ತಂದೆಯನ್ನು ಶಿರಸಿಯಲ್ಲಿ ಜನ "ಕಂಪೌಂಡರ್" ಅಂತಲೇ ಕರೆಯುತ್ತಿದ್ದರು. ಮಿಕ್ಸ್ಚರ್ ಬಾಟಲಿಯ ಬದಿಗೆ ಕಾಗದದ ಪಟ್ಟಿ ಕತ್ತರಿಸಿ, ಒಂದೊಂದು ಹೊತ್ತಿಗೆ ಒಂದೊಂದು ಹಲ್ಲು ಬಿಡಿಸಿ ಅಂಟಿಸುತ್ತಿದ್ದರು. ಓದಲು ಬಾರದ ಅಜ್ಜಿಗೂ ಎಲ್ಲಿಯವರೆಗೆ ಕುಡಿಯಬೇಕು ಅಂತ ಗೊತ್ತಾಗುತ್ತಿತ್ತು. ನಾನು ನಿಮ್ಮ ಮನೆಗೆ ಬಂದಾಗ ಆ ಕತ್ತರಿ ನೋಡಿದ್ದೇನೆ. ನಿನ್ನ ಹೆಸರು ಸಂಘದಲ್ಲಿ ಹೇಳಿದ್ದು ನಾನೇ. ಈಗ ಒಪ್ಪಿಕೊಳ್ಳುತ್ತೇನೆ.

ಸಣ್ಣ ಪುಟ್ಟ ಸಂಗತಿ ಬೇಗ ಹೇಳಿಬಿಡುತ್ತೇನೆ. ನಡಾವಳಿ ಅದೇ ರಾತ್ರಿ ಬರೆ, ಮಾರನೇ ದಿನ ಮರೆತು ಹೋಗುತ್ತದೆ. ಕೋರಂ ಆಗಲಿಲ್ಲ ಅಂತ ಬಂದವರನ್ನು ವಾಪಸ್ ಕಳಿಸಬೇಡ, ಕೂತು ಒಂದು ಹಾಳೆಯಾದರೂ ಓದಿ. ಮಾರಿಕಾಂಬೆ ಜಾತ್ರೆಯ ವಾರದಲ್ಲಿ ಮೀಟಿಂಗ್ ಇಡಬೇಡ, ಘಟ್ಟದ ಮೇಲಿನವರು ಯಾರೂ ಬರುವುದಿಲ್ಲ, ಬರಬೇಕು ಅನ್ನುವುದೂ ತಪ್ಪು. ಎರಡು ವರ್ಷಕ್ಕಿಂತ ಜಾಸ್ತಿ ಆ ಕುರ್ಚಿಯಲ್ಲಿ ಕೂರಬೇಡ. ಹೊನ್ನಾವರದವಳನ್ನು ಈಗಿನಿಂದಲೇ ಪಕ್ಕದಲ್ಲಿ ಕೂರಿಸಿಕೋ. ಮತ್ತೆ, ಪ್ರತಿ ಮೀಟಿಂಗ್ ಶುರುವಾಗುವುದು "ಈ ತಿಂಗಳು ಯಾರ ಕೈಯಿಂದ ಏನು ತಪ್ಪಿತು" ಅನ್ನುವ ಮಾತಿನಿಂದ. ಅಲ್ಲಿ ಹೇಳಿದ್ದು ಹೊರಗೆ ಹೋಗಬಾರದು, ಯಾರ ಹೆಸರೂ ನಡಾವಳಿಗೆ ಬರಬಾರದು. ಯಾರೂ ಬಾಯಿ ಬಿಡದಿದ್ದರೆ ನೀನು ನಿನ್ನದು ಹೇಳು. ನಾನು ಹಾಗೇ ಮಾಡಿದ್ದೇನೆ. ಎರಡು ವರ್ಷದಲ್ಲಿ ಒಂದು ಸಲವೂ ಆ ಮಾತು ಖಾಲಿ ಹೋಗಿಲ್ಲ.

ಮಂಗಳವಾರ ನನ್ನ ಅಣ್ಣನ ಮಗ ಶಿರಸಿಗೆ ಬರುತ್ತಾನೆ. ರಿಜಿಸ್ಟರ್, ಹಾಳೆಗಳ ಫೈಲು, ಸರ್ಟಿಫಿಕೇಟಿನ ಲಕೋಟೆ ಮೂರೂ ಅವನ ಕೈಯಲ್ಲಿ ಕಳಿಸುತ್ತೇನೆ. ಸಿದ್ದಾಪುರದ ಹಾಳೆ ಇನ್ನೂ ಬಂದಿಲ್ಲ. ಫ್ಯೂರೊಸಮೈಡ್ ಅನ್ನುವ ಔಷಧ ಅವರ ಪಾಲಿಗಿದೆ. ಆ ಸಿದ್ದಾಪುರದವನ ಅಮ್ಮನಿಗೆ ಹುಷಾರಿಲ್ಲ, ಒತ್ತಾಯ ಮಾಡಬೇಡ, ಒಂದು ಸಲ ಮನೆಗೆ ಹೋಗಿ ಮಾತಾಡಿಸಿ ಬಾ. ಜೋಯಿಡಾದವನಿಗೂ ಮೀಟಿಂಗಿನ ಮುಂಚೆ ಫೋನ್ ಮಾಡು. ಸಂಜೆ ಏಳರ ಮೇಲೆ ಮಾಡು, ಆಗ ಮಾತ್ರ ಅವನಿಗೆ ಸಿಗ್ನಲ್ ಸಿಗುತ್ತದೆ.

ನಿನ್ನ,
ಕಾರವಾರದ ಗೆಳೆಯ